ಹಿಪ್ಪಾಸ ಜೇಡ ಮತ್ತು ನನ್ನ ಮೂರು ಸಾಲಿನ ವರದಿ

ಈ ಬರಹಕ್ಕೆ ನನ್ನ ಬಳಿ ಮೂರು ಆಧಾರಗಳಿವೆ. ಒಂದು, ಪ್ರಯೋಗಾಲಯದ ಮಾದರಿ ರಿಜಿಸ್ಟರಿನಿಂದ ನಿವೃತ್ತಿಗೆ ಮೊದಲು ನಾನು ಕೈಯಾರೆ ನಕಲು ಮಾಡಿಕೊಂಡ ಒಂದು ಪುಟ. ಎರಡು, ಒಂದು ಪತ್ರದ ಕಾರ್ಬನ್ ಪ್ರತಿ. ಮೂರು, ನನ್ನ 1981ರ ದಿನಚರಿ. ಒಂದು ಸಂಗತಿಯಲ್ಲಿ ಇವುಗಳ ನಡುವೆ ಹೊಂದಾಣಿಕೆಯಿಲ್ಲ. ಜೇಡ ನಮ್ಮ ಕೈಸೇರಿದ್ದು ಮಂಗಳವಾರ ಎಂದು ದಿನಚರಿ ಹೇಳುತ್ತದೆ, ರಿಜಿಸ್ಟರು ಬುಧವಾರ ಎನ್ನುತ್ತದೆ. ದಿನಚರಿಯನ್ನು ನಾನು ಭಾನುವಾರಗಳಂದು ಕುಳಿತು ಇಡೀ ವಾರದ್ದನ್ನು ಒಟ್ಟಿಗೆ ಬರೆಯುತ್ತಿದ್ದೆ. ರಿಜಿಸ್ಟರನ್ನು ಮಾದರಿ ಮೇಜಿನ ಮೇಲಿರುವಾಗಲೇ ತುಂಬಿಸುವುದು ನಿಯಮ. ಆದ್ದರಿಂದ ಬುಧವಾರವೇ ಸರಿ. ತಿಂಗಳು ಅಕ್ಟೋಬರ್ ಎಂಬುದರಲ್ಲಿ ಮೂರೂ ಒಪ್ಪುತ್ತವೆ.

ಆಗ ನಾನು ಜಯನಗರದಲ್ಲಿ, ಒಂದು ಬಾಡಿಗೆ ಕಟ್ಟಡದ ಮೊದಲ ಮಹಡಿಯಲ್ಲಿದ್ದ ಸಣ್ಣ ಪ್ರಾಣಿವಿಜ್ಞಾನ ಪ್ರಯೋಗಾಲಯದಲ್ಲಿ ಹಿರಿಯ ಸಂಶೋಧಕನಾಗಿದ್ದೆ. ಜೇಡಗಳ ವರ್ಗೀಕರಣ ನನ್ನ ವಿಷಯ, ಅದರಲ್ಲೂ ತೋಳಜೇಡಗಳ ಕುಟುಂಬ. ಸತ್ತ ಜೇಡವನ್ನು ಸ್ಪಿರಿಟ್ ತುಂಬಿದ ಗಾಜಿನ ಕೊಳವೆಯಲ್ಲಿ ಹಾಕಿ ಕಳಿಸಿದರೆ ಅದು ಯಾವ ಕುಲಕ್ಕೆ, ಸಾಧ್ಯವಾದರೆ ಯಾವ ಪ್ರಭೇದಕ್ಕೆ ಸೇರಿದ್ದು ಎಂದು ಬರೆದುಕೊಡುವುದು ನಮ್ಮ ಕೆಲಸಗಳಲ್ಲಿ ಒಂದು. ಕೃಷಿಯವರು ಕಳಿಸುತ್ತಿದ್ದರು, ಕಾಲೇಜಿನವರು ಕಳಿಸುತ್ತಿದ್ದರು. ವೈದ್ಯರಿಂದ ಬಂದದ್ದು ಅದೇ ಮೊದಲು.

ಕಳಿಸಿದವರು ಡಾ. ನಾಗೇಂದ್ರ. ಜೆ.ಪಿ. ನಗರದ ಕಡೆಗೆ ಹೋಗುವ ರಸ್ತೆಯಲ್ಲಿ ಅವರದೊಂದು ಒಂಟಿ ಕೋಣೆಯ ಕ್ಲಿನಿಕ್ ಇತ್ತು. ಕೊಳವೆಗೆ ರಬ್ಬರ್ ಬ್ಯಾಂಡಿನಿಂದ ಸುತ್ತಿದ್ದ ಚೀಟಿಯ ಸಾರಾಂಶ ಇಷ್ಟು: ಗೌರಮ್ಮ ಎಂಬ ಸುಮಾರು ಇಪ್ಪತ್ತೆಂಟು ವಯಸ್ಸಿನ ಹೆಂಗಸು, ಕಟ್ಟುತ್ತಿರುವ ಮನೆಯೊಂದರ ಕಾವಲುಗಾರನ ಹೆಂಡತಿ, ವಾಸ ಅಲ್ಲೇ ಶೆಡ್ಡಿನಲ್ಲಿ. ಸೋಮವಾರ ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಕ್ಲಿನಿಕ್ಕಿಗೆ ಬರುವ ಹೊತ್ತಿಗೆ ಕಣ್ರೆಪ್ಪೆ ಎತ್ತಲಾಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಮೈಮೇಲೆ ಕಡಿತದ ಗುರುತು ಕಾಣಲಿಲ್ಲ. ದೊಡ್ಡಾಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲೇ ಉಸಿರು ನಿಂತಿತು. ನೆಲದ ಥಂಡಿಗೆಂದು ಚಾಪೆಯ ಕೆಳಗೆ ಹಾಸಿದ್ದ ಹಸಿ ಹುಲ್ಲಿನಲ್ಲಿ ಗಂಡನಿಗೆ ಈ ಜೇಡ ಸಿಕ್ಕಿತು. ಇದು ಯಾವುದೆಂದು ದಯವಿಟ್ಟು ತಿಳಿಸಬೇಕು.

ಚೀಟಿಯನ್ನು ಓದಿದ ಕ್ರಮ ಇಂದಿಗೂ ನನಗೆ ನೆನಪಿದೆ. ದಿನಾಂಕ ಇದೆಯೇ ಎಂದು ನೋಡಿದೆ. ಸ್ಥಳದ ಹೆಸರು ಇದೆಯೇ ಎಂದು ನೋಡಿದೆ. ಗೌರಮ್ಮನ ಭಾಗವನ್ನು ಕೊನೆಯಲ್ಲಿ ಓದಿದೆ.

ತೋಳಜೇಡವನ್ನು ಗುರುತಿಸುವುದು ಮೊದಲು ಕಣ್ಣುಗಳಿಂದ. ಎಂಟು ಕಣ್ಣು, ಮೂರು ಸಾಲು. ಮೊದಲ ಸಾಲಿನಲ್ಲಿ ನಾಲ್ಕು ಚಿಕ್ಕವು, ಅದರ ಮೇಲೆ ಎರಡು ದೊಡ್ಡವು, ಇನ್ನೂ ಹಿಂದೆ ಅಗಲಕ್ಕೆ ಸರಿದ ಎರಡು. ಈ ಜೋಡಣೆ ಕಂಡರೆ ಕುಟುಂಬ ಯಾವುದೆಂಬುದು ಹೆಚ್ಚುಕಡಿಮೆ ಗೊತ್ತಾದಂತೆ. ಕಷ್ಟ ಶುರುವಾಗುವುದು ಕುಲವನ್ನು ಹೇಳುವಾಗ, ಏಕೆಂದರೆ ಎಲ್ಲವೂ ಕಂದು, ಎಲ್ಲವೂ ರೋಮಮಯ, ಸ್ಪಿರಿಟ್ಟಿನಲ್ಲಿ ಎರಡು ದಿನ ಇದ್ದರೆ ಬಣ್ಣವೂ ಮಾಸುತ್ತದೆ. ಪಾರ್ಡೋಸ ಕುಲದ್ದಾದರೆ ಮುಂದಿನಿಂದ ನೋಡಿದಾಗ ತಲೆಯ ಪಕ್ಕಗಳು ಗೋಡೆಯಂತೆ ನೇರವಾಗಿರುತ್ತವೆ, ಕಾಲುಗಳು ಸಪೂರ. ಲೈಕೋಸ ದಪ್ಪ ಮೈಯದು, ತಲೆಯ ಪಕ್ಕಗಳು ಇಳಿಜಾರು. ಹಿಪ್ಪಾಸಕ್ಕೆ ಬೇರೊಂದು ಗುರುತಿದೆ. ಹೊಟ್ಟೆಯ ತುದಿಯಲ್ಲಿ ನೂಲು ಹೊರಬರುವ, ಸಣ್ಣ ಬೆರಳುಗಳಂಥ ಅಂಗಗಳಿಗೆ ಸ್ಪಿನ್ನರೆಟ್ ಎನ್ನುತ್ತೇವೆ. ಹಿಪ್ಪಾಸದಲ್ಲಿ ಹಿಂದಿನ ಜೋಡಿ ಸ್ಪಿನ್ನರೆಟ್ಟುಗಳು ಮುಂದಿನವಕ್ಕಿಂತ ಸ್ಪಷ್ಟವಾಗಿ ಉದ್ದ, ಮೇಲಿನಿಂದ ನೋಡಿದರೂ ಬಾಲದಂತೆ ಹೊರಚಾಚಿರುತ್ತವೆ.

ನನ್ನ ಸಹೋದ್ಯೋಗಿ ವಿಮಲಾ ಮೊದಲು ಕೊಳವೆಯನ್ನು ಬಿಚ್ಚಿದವರು. ಪ್ರಯೋಗಾಲಯದಲ್ಲಿ ಆರು ವರ್ಷ ಕೆಲಸ ಮಾಡಿದ್ದವರು, ಕೈ ಚುರುಕು, ನಾಲಗೆಯೂ ಚುರುಕು. ಮೈಕ್ರೋಸ್ಕೋಪಿನಲ್ಲಿ ತಲೆಯ ಭಾಗವನ್ನು ನೋಡಿ ಲೈಕೋಸ ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು. ನಾನು ಜೇಡವನ್ನು ಸೂಜಿಯಿಂದ ಮಗುಚಿ, ಹೊಟ್ಟೆಯ ತುದಿಯನ್ನು ಬೆಳಕಿಗೆ ತಂದು ಅವರನ್ನು ಕರೆದೆ.

“ಎಂಟು ಕಣ್ಣು ಎಣಿಸೋದ್ರಲ್ಲಿ ಹಿಂದುಗಡೆ ನೋಡೋದೇ ಮರ್ತೋಯ್ತು ಸಾರ್,” ಎಂದು ಅವರು ನಕ್ಕರು.

ಮಾದರಿ ವಯಸ್ಕ ಹೆಣ್ಣು. ಸ್ಪಿನ್ನರೆಟ್ಟಿನಿಂದ ಕಳಚಿದ ಮೊಟ್ಟೆಯ ಚೀಲ ಕೊಳವೆಯ ತಳದಲ್ಲಿತ್ತು. ಕುಲ ಹಿಪ್ಪಾಸ. ಅನುಮಾನಕ್ಕೆ ಎಡೆಯಿರಲಿಲ್ಲ. ತಿದ್ದಿದವನ ಸಂತೋಷ ನನಗೆ ಇದ್ದೇ ಇತ್ತು.

ಇಲ್ಲಿ ಓದುಗರಿಗೆ ಒಂದು ಮಾತು ತಿಳಿದಿರಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಹೆಚ್ಚಿನ ತೋಳಜೇಡಗಳು ಬಲೆ ಕಟ್ಟುವುದಿಲ್ಲ. ನೆಲದ ಮೇಲೆ ಅಲೆದು ಬೇಟೆಯಾಡುತ್ತವೆ, ಅಪರೂಪಕ್ಕೆ ಮನೆಯೊಳಗೂ ಬರುತ್ತವೆ. ಹಿಪ್ಪಾಸ ಹಾಗಲ್ಲ. ಅದು ಹುಲ್ಲಿನ ಬುಡದಲ್ಲಿ ಹಾಳೆಯಂತೆ ಬಲೆ ಹಾಸಿ, ಒಂದು ಮೂಲೆಯಲ್ಲಿ ಆಲಿಕೆಯಂಥ ಸುರಂಗ ಮಾಡಿ, ಅದರ ಬಾಯಲ್ಲೇ ಕುಳಿತಿರುತ್ತದೆ. ಮೊಟ್ಟೆಯ ಚೀಲ ಹೊತ್ತ ಹೆಣ್ಣು ಆ ಸುರಂಗವನ್ನು ಬಿಟ್ಟು ಕದಲುವುದು ತೀರ ಕಡಿಮೆ. ಅಂಥದ್ದು ಚಾಪೆಯ ಕೆಳಗೆ ಸಿಕ್ಕಿದೆ ಎಂದರೆ ಅದು ತಾನಾಗಿ ಬಂದದ್ದಲ್ಲ, ಹುಲ್ಲು ಕೊಯ್ದಾಗ ಹುಲ್ಲಿನ ಜೊತೆ ಬಂದದ್ದು. ಅಲ್ಲದೆ, ಈ ಕುಲದ ಕಡಿತದಿಂದ ಕಣ್ರೆಪ್ಪೆ ಜೋತು ಉಸಿರು ನಿಂತ ಒಂದೇ ಒಂದು ದಾಖಲೆಯನ್ನೂ ನಾನು ಓದಿರಲಿಲ್ಲ. ಇದಷ್ಟೂ ಆ ಬುಧವಾರ ನನ್ನ ತಲೆಯಲ್ಲಿತ್ತು. ತಲೆಯಲ್ಲಿ ಮಾತ್ರವಲ್ಲ, ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ನನ್ನದೇ ಅಕ್ಷರದಲ್ಲಿದೆ: ‘ಹುಲ್ಲಿನೊಡನೆ ಒಳಬಂದಿರಬೇಕು. ಸಾವಿಗೆ ಕಾರಣವೆಂಬುದು ಸಂದೇಹ.’

ಗುರುವಾರ ವಿಮಲಾ ಉತ್ತರದ ಕರಡು ಮಾಡಿದರು. ಮೊದಲ ಪ್ಯಾರಾದಲ್ಲಿ ಗುರುತಿಸುವಿಕೆ. ಎರಡನೆಯದರಲ್ಲಿ, ಈ ಜೇಡ ಅಲೆಮಾರಿಯಲ್ಲ, ಚೀಟಿಯಲ್ಲಿ ಹೇಳಿರುವ ಲಕ್ಷಣಗಳು ಇದರ ಕಡಿತಕ್ಕೆ ಹೊಂದುವುದಿಲ್ಲ, ಬೇರೆ ಕಾರಣವನ್ನು ಹುಡುಕುವುದು ಒಳ್ಳೆಯದು ಎಂದು ನಾಲ್ಕು ವಾಕ್ಯ. ನಾನು ಕೆಂಪು ಪೆನ್ಸಿಲ್ ತೆಗೆದು ಎರಡನೆಯ ಪ್ಯಾರಾವನ್ನು ಅಡ್ಡಗೀಟಿನಿಂದ ಹೊಡೆದೆ.

“ಯಾಕೆ ಸಾರ್? ಇದನ್ನೇ ಅಲ್ವಾ ಅವ್ರಿಗೆ ಹೇಳ್ಬೇಕಾಗಿರೋದು?”

“ಅವರು ಕೇಳಿರೋದು ಯಾವ ಜೇಡ ಅಂತ. ಯಾಕೆ ಸತ್ತರು ಅಂತ ಹೇಳೋಕೆ ನಾವು ಡಾಕ್ಟರುಗಳಲ್ಲ, ವಿಮಲಾ. ನಾಳೆ ಪೊಲೀಸ್ನೋರು ಬಂದು ಇದಕ್ಕೆ ಆಧಾರ ಏನು ಅಂದ್ರೆ ಏನು ತೋರಿಸ್ತೀರಿ?”

“ಹೊಂದೋದಿಲ್ಲ ಅನ್ನೋಕೂ ಆಧಾರ ಬೇಕಾ?”

“ಬೇಕು,” ಎಂದೆ.

ವಿಮಲಾ ಮತ್ತೆ ವಾದಿಸಲಿಲ್ಲ. ಹಿಂದಿನ ದಿನವಷ್ಟೇ ಅವರ ಗುರುತಿಸುವಿಕೆ ನನ್ನ ಮುಂದೆ ತಪ್ಪಾಗಿತ್ತು. ಅದು ನಮ್ಮಿಬ್ಬರ ಮನಸ್ಸಿನಲ್ಲೂ ಇತ್ತೆಂದು ಈಗ ಅನ್ನಿಸುತ್ತದೆ.

ನಮ್ಮ ವೃತ್ತಿಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ವರ್ಗೀಕರಣ ಮಾಡುವವನಿಗೆ ಕಲಿಸುವ ಮೊದಲ ಶಿಸ್ತು, ಕೊಳವೆಯಲ್ಲಿ ಇಲ್ಲದ್ದನ್ನು ಹೇಳಬೇಡ ಎಂಬುದು. ನೋಡಿದ್ದನ್ನು ಬರೆ, ಊಹೆಯನ್ನು ಬರೆಯಬೇಡ. ಈ ಶಿಸ್ತಿಲ್ಲದೆ ಈ ಶಾಸ್ತ್ರ ನಿಲ್ಲುವುದಿಲ್ಲ. ಇಪ್ಪತ್ತು ವರ್ಷ ಇದನ್ನು ಪಾಲಿಸಿದ ನನಗೆ ಅದು ಎಷ್ಟು ಒಗ್ಗಿತ್ತೆಂದರೆ, ಸುಮ್ಮನಿರುವುದೂ ಒಂದು ಹೇಳಿಕೆಯಾಗಬಹುದು ಎಂಬುದು ಹೊಳೆಯಲೇ ಇಲ್ಲ. ಪತ್ರ ಮೂರು ಸಾಲಿಗಿಳಿಯಿತು: ‘ತಾವು ಕಳಿಸಿದ ಮಾದರಿಯನ್ನು ಪರೀಕ್ಷಿಸಲಾಯಿತು. ಅದು ತೋಳಜೇಡಗಳ ಕುಟುಂಬದ ಹಿಪ್ಪಾಸ ಕುಲಕ್ಕೆ ಸೇರಿದ ವಯಸ್ಕ ಹೆಣ್ಣು. ಮಾದರಿಯನ್ನು ನಮ್ಮ ಸಂಗ್ರಹದಲ್ಲಿ ಇರಿಸಿಕೊಳ್ಳಲಾಗಿದೆ.’

ಶುಕ್ರವಾರ ಆ ಪತ್ರವನ್ನು ಒಯ್ಯಲು ಗೌರಮ್ಮನ ಗಂಡ ಮುನಿಯಪ್ಪನೇ ಬಂದ. ವೈದ್ಯರು ಕಳಿಸಿದ್ದರಂತೆ. ತಲಘಟ್ಟಪುರದ ಕಡೆಯ ಹಳ್ಳಿಯವನು, ಮೂವತ್ತೈದರ ಆಸುಪಾಸು, ತಲೆ ಬೋಳಿಸಿಕೊಂಡಿದ್ದ. ಮೆಟ್ಟಿಲ ಬಳಿಯೇ ಚಪ್ಪಲಿ ಬಿಟ್ಟು ಬಂದು ಬಾಗಿಲಲ್ಲಿ ನಿಂತ. ಕೂರು ಎಂದರೂ ಕೂರಲಿಲ್ಲ. ಲಕೋಟೆಯನ್ನು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇದ್ರಲ್ಲಿ ಏನಂತ ಬರ್ದಿದೀರ ಸಾರ್?”

“ಅದು ಯಾವ ಜಾತಿ ಜೇಡ ಅಂತ ಬರೆದಿದೆಯಪ್ಪ.”

“ನಮ್ಮೋಳನ್ನ ಕಚ್ಚಿದ್ದು ಅದೇನಾ ಸಾರ್?”

“ಅದನ್ನ ಡಾಕ್ಟರು ಹೇಳಬೇಕು. ನನಗೆ ಜೇಡದ ವಿಷಯ ಮಾತ್ರ ಗೊತ್ತು.”

ಅವನು ತಲೆಯಾಡಿಸಿದ. “ಎರಡು ಹೆಣ್ಮಕ್ಳವ್ರೆ ಸಾರ್. ಅದೇ ಶೆಡ್ಡಲ್ಲೇ ಮಲಗ್ಬೇಕು. ಅದಕ್ಕೇ ಕೇಳ್ದೆ,” ಎಂದು ಹೇಳಿ ಹೊರಟುಹೋದ.

ಈ ಸಂಭಾಷಣೆ ದಿನಚರಿಯಲ್ಲಿಲ್ಲ. ಆ ಭಾನುವಾರ ಅದನ್ನು ಬರೆಯುವಷ್ಟು ಮುಖ್ಯವೆಂದು ನನಗೆ ತೋರಿರಲಿಲ್ಲ. ನೆನಪಿನಿಂದ ಬರೆಯುತ್ತಿದ್ದೇನೆ. ಆದರೆ ವಿಮಲಾ ಪಕ್ಕದ ಮೇಜಿನಲ್ಲಿದ್ದರು, ಮುಂದೊಮ್ಮೆ ಕೇಳಿದಾಗ ಅವರೂ ಇದನ್ನು ಹೀಗೆಯೇ ಹೇಳಿದರು.

ಹನ್ನೊಂದು ದಿನ ಕಳೆದು, ಮಂಗಳವಾರ, ಮುನಿಯಪ್ಪ ಸತ್ತ.

ನನಗೆ ಸುದ್ದಿ ತಿಳಿದದ್ದು ಗುರುವಾರ, ಡಾ. ನಾಗೇಂದ್ರ ಸ್ಕೂಟರಿನಲ್ಲಿ ನಮ್ಮ ಪ್ರಯೋಗಾಲಯಕ್ಕೆ ಬಂದಾಗ. ಅದುವರೆಗೆ ನಾವು ಮುಖಾಮುಖಿ ಭೇಟಿಯಾಗಿರಲಿಲ್ಲ. ನಾನು ಯಾರೆಂದು ಖಚಿತಪಡಿಸಿಕೊಂಡು ಎದುರಿನ ಕುರ್ಚಿಯಲ್ಲಿ ಕುಳಿತರು. ಹೇಳಬೇಕಾದ್ದನ್ನು ಕ್ರಮವಾಗಿ ಹೇಳಿದರು. ನಾನು ಅದನ್ನು ಅದೇ ಕ್ರಮದಲ್ಲಿ ಇಲ್ಲಿ ಕೊಡುತ್ತೇನೆ.

ಗೌರಮ್ಮನನ್ನು ನೋಡಿದ ದಿನವೇ ಅವರಿಗೆ ಹಾವಿನ ಅನುಮಾನವಿತ್ತು. ಕಟ್ಟುಹಾವು ಕಚ್ಚಿದರೆ ನೋವು ಕಡಿಮೆ, ಗುರುತು ಕಾಣುವುದು ಕಡಿಮೆ. ಮಲಗಿದವರಿಗೆ ಕಚ್ಚಿದ್ದೇ ಗೊತ್ತಾಗದೆ ಬೆಳಿಗ್ಗೆ ಹೊಟ್ಟೆನೋವೆಂದು ಏಳುತ್ತಾರೆ. ಅವರು ಮುನಿಯಪ್ಪನಿಗೆ ನೆಲದ ಮೇಲೆ ಮಲಗಬೇಡ, ಶೆಡ್ಡಿನ ಹಿಂದೆ ತಳಪಾಯಕ್ಕೆಂದು ಒಟ್ಟಿರುವ ಸೈಜುಗಲ್ಲುಗಳನ್ನು ಅಲ್ಲಿಂದ ತೆಗೆಸು ಎಂದು ಹೇಳಿದ್ದರು. ಕಟ್ಟಡದ ಮೇಸ್ತ್ರಿಗೂ ಹೇಳಿ ಕಳಿಸಿದ್ದರು. ಮೇಸ್ತ್ರಿ, ಆ ಜೇಡ ಯಾವುದೆಂದು ಮೊದಲು ಗೊತ್ತಾಗಲಿ ಎಂದಿದ್ದ. ನನ್ನ ಪತ್ರ ಬಂದ ಮೇಲೆ ಅವನು ಕ್ಲಿನಿಕ್ಕಿಗೇ ಬಂದು ಆಡಿದ ಮಾತನ್ನು ವೈದ್ಯರು ಹಾಗೆಯೇ ಹೇಳಿದರು: “ಸೈಂಟಿಸ್ಟೇ ಬರ್ಕೊಟ್ಟವ್ರೆ ಜೇಡ ಅಂತ, ಅದ್ಕೊಂದು ಇಂಗ್ಲೀಷ್ ಹೆಸ್ರೂ ಹಾಕವ್ರೆ. ಇನ್ನು ಕಲ್ಲು ಎತ್ತಿಸೋಕೆ ನಮ್ಗೇನು ಬೇರೆ ಕೆಲ್ಸ ಇಲ್ವಾ ಡಾಕ್ಟ್ರೇ?”

ಆ ಶನಿವಾರ ಮೇಸ್ತ್ರಿಯ ಆಳುಗಳು ಸುತ್ತಲಿನ ಸೈಟುಗಳ ಹುಲ್ಲನ್ನು ಕೊಯ್ದು ಸುಟ್ಟರು. ಶೆಡ್ಡಿನ ಸುತ್ತ ಬಿ.ಎಚ್.ಸಿ. ಕೀಟನಾಶಕದ ಪುಡಿ ಚೆಲ್ಲಿದರು. ಮುನಿಯಪ್ಪ ಚಾಪೆಯ ಕೆಳಗಿನ ಹುಲ್ಲು ತೆಗೆದು ಗೋಣಿಚೀಲ ಹಾಸಿದ, ಅದೇ ನೆಲದ ಮೇಲೆ ಮಲಗಿದ. ಹೆಣ್ಣುಮಕ್ಕಳಿಬ್ಬರನ್ನು ಅಷ್ಟರಲ್ಲಿ ಗೌರಮ್ಮನ ಅಕ್ಕ ಜಯಮ್ಮ ಉತ್ತರಹಳ್ಳಿಯ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಮಂಗಳವಾರ ಬೆಳಿಗ್ಗೆ ಮುನಿಯಪ್ಪನಿಗೆ ಹೊಟ್ಟೆನೋವು ಬಂತು. ಜೇಡ ಇನ್ನೂ ಒಂದು ಉಳಿದಿತ್ತೆಂದು ತೀರ್ಮಾನಿಸಿ ಜೊತೆಯವರು ಅವನನ್ನು ಜೇಡದ ವಿಷಕ್ಕೆ ಸೊಪ್ಪು ಅರೆದು ಕೊಡುವ ಒಬ್ಬರ ಬಳಿ ಕರೆದೊಯ್ದರು. ಅಲ್ಲಿ ಮೂರು ಗಂಟೆ ಹೋಯಿತು. ಕ್ಲಿನಿಕ್ಕಿಗೆ ತಂದಾಗ ಅವನು ಬೆರಳಿನಿಂದ ಕಣ್ರೆಪ್ಪೆ ಎತ್ತಿ ಹಿಡಿದು ವೈದ್ಯರನ್ನು ನೋಡಿದನಂತೆ. ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಮದ್ದು ಕೊಟ್ಟರು. ಹೊತ್ತು ಮೀರಿತ್ತು.

ಬುಧವಾರ ಕಲ್ಲು ಎತ್ತಿಸಿದರು. ಮೂರನೆಯ ಸಾಲಿನ ಅಡಿಯಲ್ಲಿ ಎರಡು ಕಟ್ಟುಹಾವು ಸಿಕ್ಕವು.

ಇಷ್ಟು ಹೇಳಿ ಡಾ. ನಾಗೇಂದ್ರ ನನ್ನ ಪತ್ರವನ್ನು ಮೇಜಿನ ಮೇಲಿಟ್ಟರು. “ನಾನು ನಿಮ್ಮಿಂದ ಎದುರುನೋಡ್ತಾ ಇದ್ದದ್ದು ಒಂದೇ ಸಾಲು ಸಾರ್. ಈ ಜೇಡಕ್ಕೆ ಮನುಷ್ಯನ್ನ ಕೊಲ್ಲೋ ತಾಕತ್ತಿಲ್ಲ ಅಂತ. ಅದಿದ್ದಿದ್ರೆ ಆ ಮೇಸ್ತ್ರಿ ಮುಖಕ್ಕೆ ಹಿಡೀತಿದ್ದೆ. ಇದನ್ನ ಅವನು ನನ್ನ ಮುಖಕ್ಕೆ ಹಿಡಿದ.”

“ನೀವು ಅದನ್ನ ಕೇಳಿರಲಿಲ್ಲ,” ಎಂದೆ. ಆ ಮಾತು ಬಾಯಿಂದ ಬಿದ್ದದ್ದಕ್ಕೆ ಇಂದಿಗೂ ನಾಚುತ್ತೇನೆ.

“ಕೇಳಿರಲಿಲ್ಲ, ನಿಜ. ನನಗೆ ಜೇಡ ಗೊತ್ತಿಲ್ಲ. ಗೊತ್ತಿಲ್ಲದೋನಿಗೆ ಏನು ಕೇಳ್ಬೇಕು ಅಂತಾನೂ ಗೊತ್ತಿರಲ್ಲ,” ಎಂದರು. ಕಾಫಿ ತರಿಸಿದ್ದೆ. ಮುಟ್ಟದೆ ಎದ್ದರು.

ವಿಮಲಾ ಅಷ್ಟೂ ಹೊತ್ತು ತಮ್ಮ ಮೇಜಿನಲ್ಲಿ ತಲೆತಗ್ಗಿಸಿ ಕುಳಿತಿದ್ದರು. ಅವರ ಕರಡು ಇನ್ನೂ ಫೈಲಿನಲ್ಲಿತ್ತು, ಕೆಂಪು ಗೀಟಿನೊಂದಿಗೆ. ಅದನ್ನು ಅವರು ಹೊರತೆಗೆಯಲಿಲ್ಲ, ಅಂದೂ, ಮುಂದೆಂದೂ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಆ ಜಾಗಕ್ಕೆ ಹೋದೆವು. ಜೆ.ಪಿ. ನಗರ ದಾಟಿ ಬಿಳೇಕಹಳ್ಳಿಯ ಕಡೆಗೆ ಮುಖಮಾಡಿ ನಿಂತರೆ ಆಗ ಮನೆಗಳಿಗಿಂತ ಸೈಟುಕಲ್ಲುಗಳೇ ಹೆಚ್ಚು. ಶೆಡ್ಡಿನ ಸುತ್ತ ನೆಲ ಕಪ್ಪಗೆ ಸುಟ್ಟಿತ್ತು, ಪುಡಿಯ ವಾಸನೆ ಇನ್ನೂ ಇತ್ತು. ಸುಡದೆ ಉಳಿದ ಹುಲ್ಲು ಶುರುವಾಗುವಲ್ಲಿ ಇಬ್ಬನಿ ಹಿಡಿದ ಹಿಪ್ಪಾಸದ ಬಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು, ಒಗೆದು ಹರವಿದ ಕರವಸ್ತ್ರಗಳಂತೆ. ಪ್ರತಿಯೊಂದರ ಮೂಲೆಯ ಸುರಂಗದ ಬಾಯಲ್ಲಿ ಒಂದೊಂದು ಜೇಡ. ನಮ್ಮ ನೆರಳು ಬಿದ್ದರೆ ಒಳಗೆ ಹೋಗುತ್ತಿತ್ತು. ವಿಮಲಾ ಕಡ್ಡಿಯಿಂದ ಬಲೆಯನ್ನು ಮೆಲ್ಲಗೆ ಮುಟ್ಟಿದರು. ಜೇಡ ಹೊರಬಂದಿತು, ಬಲೆಯ ಅಂಚಿನವರೆಗೆ ಬಂದು, ನಿಂತು, ಹಿಂತಿರುಗಿತು. ನಾಲ್ಕಾರು ಕಡೆ ಹಾಗೆ ಮಾಡಿ ನೋಡಿದರು.

“ಒಂದೂ ಬಲೆ ಬಿಟ್ಟು ಈಚೆ ಬರ್ತಿಲ್ಲ ಸಾರ್,” ಎಂದರು.

ಅಲ್ಲಿಂದ ಬನಶಂಕರಿಯ ನನ್ನ ಮನೆಗೆ ನಡೆದೇ ಹೋದೆ. ಎರಡು ವಾರಗಳ ಹಿಂದೆ ಇದೇ ದಾರಿಯಲ್ಲಿ ಶೆಡ್ಡಿಗೆ ನಡೆದುಬಂದು ಮುನಿಯಪ್ಪನಿಗೆ ಹೇಳುವುದಕ್ಕೆ ನನಗೆ ಏನೂ ಅಡ್ಡಿಯಿರಲಿಲ್ಲ.

ಸೋಮವಾರ ನಾನು ಎರಡನೆಯ ಪತ್ರ ಬರೆದೆ. ಅದರಲ್ಲಿ ಎಲ್ಲವೂ ಇತ್ತು: ಕುಲದ ಸ್ವಭಾವ, ಅದು ಒಳಬಂದ ಬಗೆ, ಲಕ್ಷಣಗಳು ಹೊಂದದಿರುವುದು, ಮತ್ತು ಮೊದಲ ಪತ್ರದಲ್ಲಿ ಇವನ್ನು ತಿಳಿಸದೆ ಬಿಟ್ಟದ್ದು ನನ್ನ ತೀರ್ಮಾನ ಎಂಬ ವಾಕ್ಯ. ವೈದ್ಯರಿಗೊಂದು, ಠಾಣೆಗೊಂದು, ಮನೆ ಕಟ್ಟಿಸುತ್ತಿದ್ದವರಿಗೊಂದು ಪ್ರತಿ ಕಳಿಸಿದೆ. ನಮ್ಮ ಮೇಲಧಿಕಾರಿಗಳಿಗೆ ಕೊನೆಯ ವಾಕ್ಯ ಇಷ್ಟವಾಗಲಿಲ್ಲ. ತೆಗೆಯಲು ಹೇಳಿದರು. ತೆಗೆಯಲಿಲ್ಲ. ಆ ಪತ್ರಕ್ಕೆ ಯಾರಿಂದಲೂ ಉತ್ತರ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ.

ಮೇಸ್ತ್ರಿಯ ಪಾಲು, ಸೊಪ್ಪು ಕೊಟ್ಟವರ ಪಾಲು, ನನಗೊಂದು ಫೋನು ಮಾಡದ ವೈದ್ಯರ ಪಾಲು ಇದರಲ್ಲಿ ಎಷ್ಟೆಷ್ಟು ಎಂದು ನಾನು ಹಲವು ವರ್ಷ ಲೆಕ್ಕ ಹಾಕಿದ್ದೇನೆ. ಹೇಗೆ ಹಾಕಿದರೂ ನನ್ನ ಪಾಲು ಕರಗುವುದಿಲ್ಲ. ಅವರಾರಿಗೂ ಗೊತ್ತಿರದ ಒಂದು ಸಂಗತಿ ನನಗೆ ಗೊತ್ತಿತ್ತು.

ನವೆಂಬರಿನಲ್ಲಿ ಜಯಮ್ಮ ಬಂದಳು. ದಿನಚರಿಯ ಪ್ರಕಾರ ಎರಡನೆಯ ವಾರ, ವಾರದ ದಿನ ನಮೂದಾಗಿಲ್ಲ. ಉತ್ತರಹಳ್ಳಿಯಿಂದ ಎರಡು ಬಸ್ ಬದಲಿಸಿ ಬಂದಿದ್ದಳು. ನಲವತ್ತರ ಹೆಂಗಸು, ಕುರ್ಚಿ ತೋರಿಸಿದೊಡನೆ ಕುಳಿತಳು. ಹೆಣ್ಣುಮಕ್ಕಳಿಗೆ ಸರ್ಕಾರದಿಂದ ಏನಾದರೂ ಸಿಗಬಹುದೆಂದು ಯಾರೋ ಹೇಳಿದ್ದರು, ಅದಕ್ಕೆ ಸಾವಿನ ಕಾರಣ ಬರೆದ ಕಾಗದ ಬೇಕಿತ್ತು. ಅಂಥ ಕಾಗದ ಆಸ್ಪತ್ರೆಯಿಂದ ಬರಬೇಕೆಂದು ತಿಳಿಸಿ, ನನ್ನ ಎರಡನೆಯ ಪತ್ರದ ಪ್ರತಿಯನ್ನು ಕೊಟ್ಟೆ. ಓದಿ ಹೇಳಿ ಎಂದಳು. ಓದಿದೆ.

“ಅಂದ್ರೆ ಇಬ್ಬರನ್ನೂ ಹಾವೇ ಕಚ್ಚಿದ್ದು.”

“ಹೌದಮ್ಮ. ಹಾಗೇ ಅನ್ನಿಸುತ್ತೆ.”

“ಇದು ನಿಮ್ಗೆ ಕಲ್ಲು ಎತ್ತಿದ ಮೇಲೆ ಗೊತ್ತಾಯ್ತಾ ಸಾರ್?”

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. ಹೌದು ಎಂದಿದ್ದರೆ ಅವಳು ನಂಬುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು.

“ಇಲ್ಲಮ್ಮ. ಹಾವು ಅಂತ ಗೊತ್ತಿರಲಿಲ್ಲ. ಆದರೆ ಜೇಡ ಅಲ್ಲ ಅಂತ ಮೊದಲೇ ಅನ್ನಿಸಿತ್ತು. ಮುನಿಯಪ್ಪ ಇಲ್ಲಿಗೆ ಬಂದಿದ್ದ ದಿನವೂ ಅನ್ನಿಸಿತ್ತು.”

“ಮತ್ತೆ ಹೇಳ್ಲಿಲ್ವಾ ಅವ್ನಿಗೆ?”

“ಹೇಳಲಿಲ್ಲ.”

ಜಯಮ್ಮ ಕಾಗದವನ್ನು ಎರಡು ಮಡಿಕೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡಳು. “ದೊಡ್ಡೋಳು ದಿನಾ ಜೇಡ ಹುಡುಕಿ ಹುಡುಕಿ ಕೊಲ್ತಾಳೆ ಸಾರ್. ಬೇಡ ಅಂತ ಇವತ್ತು ಹೋಗಿ ಹೇಳ್ತೀನಿ,” ಎಂದು ಎದ್ದಳು. ಮತ್ತೆಂದೂ ಬರಲಿಲ್ಲ.

ಆ ನಂತರ ನಿವೃತ್ತಿಯವರೆಗೆ ನಾನು ಬರೆದ ಪ್ರತಿಯೊಂದು ವರದಿಯಲ್ಲೂ ಎರಡನೆಯ ಪ್ಯಾರಾ ಇದೆ. ಈ ಗುರುತಿಸುವಿಕೆಯಿಂದ ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಬಾರದು, ನನಗೆ ಏನು ಅನುಮಾನವಿದೆ ಎಂದು ಅದರಲ್ಲಿ ಬರೆಯುತ್ತಿದ್ದೆ. ಅನುಮಾನವನ್ನು ಅನುಮಾನವೆಂದೇ ಬರೆದರೆ ಶಾಸ್ತ್ರಕ್ಕೆ ಕುಂದಿಲ್ಲ ಎಂಬುದು ಕಲಿಯಲು ಕಷ್ಟದ ಪಾಠವೇನಲ್ಲ. ವಿಮಲಾ ಅದನ್ನು ಆರು ವರ್ಷಗಳ ಅನುಭವದಲ್ಲೇ ತಿಳಿದಿದ್ದರು. ಮಾದರಿಯನ್ನು ಕಳಿಸುವವರು ಹೆಸರಿಗಾಗಿ ಕಳಿಸುವುದಿಲ್ಲ, ಆ ಹೆಸರು ಕೈಗೆ ಬಂದ ಮೇಲೆ ಅವರು ಏನೋ ಒಂದನ್ನು ಮಾಡುವವರಿರುತ್ತಾರೆ. ಅವರೇನು ಮಾಡುವರೆಂದು ಕೇಳಿ ತಿಳಿಯದೆ ಪತ್ರಕ್ಕೆ ಸಹಿ ಹಾಕಬಾರದು. ಇದನ್ನು ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು, ಒಬ್ಬ ಮನುಷ್ಯನ ಜೀವವೂ ಹೋಯಿತು. ಮುಂದಿನ ವರದಿಗಳಿಂದ ಯಾರ ಜೀವವಾದರೂ ಉಳಿಯಿತೇ ಎಂಬುದಕ್ಕೆ ನನ್ನ ಬಳಿ ಯಾವ ದಾಖಲೆಯೂ ಇಲ್ಲ.